ಸಿನಿಮಾ ಹಸಿರು

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದು ಹಳೇ ಸಿನಿಮಾ ಹಾಕಿ ತೋರಿಸಿದಳು. ನಮ್ಮ ಕಾಲದ ಕಪ್ಪು ಬಿಳುಪು ಚಿತ್ರ. ಅದಕ್ಕೆ ಈಗ ಯಾರೋ ಪುಣ್ಯಾತ್ಮರು ಬಣ್ಣ ತುಂಬಿದ್ದಾರೆ. ನಾಯಕಿ ಕಂಬಕ್ಕೆ ಒರಗಿ ಹಾಡುವ ಜಾಗ ಬಂತು. ನೋಡುತ್ತೇನೆ, ಅವಳ ಸೀರೆ ನೀಲಿ! "ಸುಳ್ಳು!" ಎಂದು ನಾನು ಕೂಗಿದ್ದಕ್ಕೆ ಅಡುಗೆಮನೆಯಿಂದ ಸೊಸೆ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಅದು ಹಸಿರು ಕಣೇ" ಎಂದೆ.

"ನಿಂಗೆ ಹೇಗಜ್ಜಿ ಗೊತ್ತು? ಆಗ ಸಿನಿಮಾದಲ್ಲಿ ಬಣ್ಣವೇ ಇರ್ಲಿಲ್ವಲ್ಲ" ಎಂದಳು ಮೊಮ್ಮಗಳು.

ಗೊತ್ತು, ಏಕೆಂದರೆ ಆ ಸೀರೆಗೆ ಹಸಿರು ಕೊಟ್ಟವಳು ನಾನೇ. ಮಡಿಕೇರಿಯ ಒಂದು ಫೋಟೋ ಸ್ಟುಡಿಯೋದ ಕಿಟಕಿಯ ಪಕ್ಕ ಕುಳಿತು, ಹದಿನೈದನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ ಕೊಟ್ಟೆ. ಇದನ್ನು ಹೇಳಿದರೆ ಮೊಮ್ಮಗಳು ನಗುತ್ತಾಳೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಬಹಳ ದಿನವಾಗಿರಲಿಲ್ಲ. ನಮ್ಮ ಶಾಲೆಯ ಗೋಡೆಯಲ್ಲಿದ್ದ ಭೂಪಟ ಹಳೆಯದು. ಅದರಲ್ಲಿ ಕೊಡಗು ಬೇರೆ, ಮೈಸೂರು ಬೇರೆ. ಹೊಸದು ಬರುವವರೆಗೆ ಕಾಯುವ ತಾಳ್ಮೆ ನಮ್ಮ ಹೆಡ್‌ಮಾಸ್ಟರಿಗೆ ಇರಲಿಲ್ಲ. ಚಿತ್ರ ಬರೆಯುವ ಹುಡುಗಿ ಎಂದು ನನ್ನನ್ನು ಹಿಡಿದು ಕೂರಿಸಿ ದೊಡ್ಡ ಹಾಳೆಯ ಮೇಲೆ ಹೊಸ ರಾಜ್ಯದ ಭೂಪಟ ಬರೆಸಿದರು. ಜಿಲ್ಲೆಗೊಂದು ಬಣ್ಣ. ವಸ್ತುಪ್ರದರ್ಶನದ ದಿನ ಅದರ ಫೋಟೋ ತೆಗೆಯಲು ಬಂದ ಸ್ಟುಡಿಯೋದವರು ಕ್ಯಾಮೆರಾ ಬಿಟ್ಟು ಭೂಪಟದ ಮುಂದೆ ನಿಂತುಬಿಟ್ಟರು. ಅವರು ಮಂಗಳೂರು ಕಡೆಯವರು, ಮನೆಯಲ್ಲಿ ತುಳು ಮಾತಾಡುವವರು. "ಒಂದು ಗಡಿಯೂ ದಾಟ್ಲಿಲ್ಲ ನೋಡಿ ಮಾರಾಯ್ರೆ, ಎಂಥ ಕೈ!" ಎಂದರು. ಆ ವಾರವೇ ನಮ್ಮ ಮನೆಗೆ ಬಂದು ಅಪ್ಪನನ್ನು ಕೇಳಿದರು: ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದ ಅವರ ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿದ್ದಾರೆ, ಶಾಲೆ ಬಿಟ್ಟ ಮೇಲೆ ಒಂದೆರಡು ಗಂಟೆ ಹುಡುಗಿಯನ್ನು ಕಳಿಸಿಕೊಡಬಹುದಾ?

ಅಪ್ಪ ಮೇಷ್ಟರು, ಕಲಿಯುವ ಕೆಲಸ ಎಂದರೆ ಬೇಡ ಎನ್ನುವವರಲ್ಲ. ಅಮ್ಮ ಮಾತ್ರ ಷರತ್ತು ಹಾಕಿದಳು. ದೀಪ ಹಚ್ಚುವ ಮೊದಲು ಮನೆಗೆ ಬರಬೇಕು, ಗಿರಾಕಿಗಳು ಕೂರುವ ಕಡೆ ಕೂರಬಾರದು, ಯಾರಾದರೂ ಕೇಳಿದರೆ ಕೆಲಸ ಎನ್ನಬಾರದು. ಸಂಬಳದ ಮಾತು ಬಂದಾಗ ಅಮ್ಮ ಕಿವಿ ಮುಚ್ಚಿಕೊಂಡದ್ದು ನೋಡಿ ಸ್ಟುಡಿಯೋ ಮಾಮ ಬೇರೆ ದಾರಿ ಹುಡುಕಿದರು. ಟಾಕೀಸಿನವರು ಅವರಿಗೆ ಪಾಸು ಕೊಡುತ್ತಿದ್ದರು. ಚಿತ್ರ ಬದಲಾದಾಗಲೆಲ್ಲ ನನಗೂ ಅಮ್ಮನಿಗೂ ಎರಡು ಪಾಸು. ಅದಾದ ಮೇಲೆ ಅಮ್ಮ ಒಂದು ದಿನವೂ ತಕರಾರು ತೆಗೆಯಲಿಲ್ಲ.

ನನ್ನ ಮೇಜು ಕಿಟಕಿಯ ಪಕ್ಕ. ದೊಡ್ಡದು ಮಾಡಿದ ಫೋಟೋದ ಮೇಲೆ ಬಣ್ಣ ಹಚ್ಚುವುದು ಕುಂಚದಿಂದಲ್ಲ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಎಣ್ಣೆಬಣ್ಣದ ಕೊಳವೆ ಹಿಂಡಿ ಸಾಸಿವೆಕಾಳಿನಷ್ಟು ಬಣ್ಣ ತೆಗೆದು, ತಿಕ್ಕಿ ತಿಕ್ಕಿ ಹರಡುವುದು. ಕೆನ್ನೆಗೆ ಒಂದು ಚೂರು ಗುಲಾಬಿ, ತುಟಿಗೆ ಇನ್ನೊಂದು ಚೂರು. ಹಗಲು ಬೆಳಕಿನಲ್ಲಿ ಮಾತ್ರ ಮಾಡಬೇಕು. ಮಂಜು ಇಳಿದ ದಿನ "ಇವತ್ತು ಬಣ್ಣ ಮುಟ್ಟುದು ಬೇಡ" ಎನ್ನುತ್ತಿದ್ದರು ಮಾಮ. ಫೋಟೋ ತೆಗೆಯುವಾಗಲೇ ಸೀರೆ ಯಾವ ಬಣ್ಣ, ಕುಪ್ಪಸ ಯಾವ ಬಣ್ಣ ಎಂದು ಕೇಳಿ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡುವುದು ಅಲ್ಲಿಯ ಪದ್ಧತಿ. ನಾನು ಚಿತ್ರಕ್ಕಿಂತ ಮೊದಲು ಬೆನ್ನು ಓದುತ್ತಿದ್ದೆ.

ಆ ಸ್ಟುಡಿಯೋದಲ್ಲಿ ಏನೇನಿತ್ತು! ಅರಮನೆ ಮೆಟ್ಟಿಲು ಬರೆದ ಪರದೆ. ತಂತಿಯೇ ಇಲ್ಲದ ಟೆಲಿಫೋನು. ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ ತೋರಿಸುವ ಕೈಗಡಿಯಾರ. ಅದು ಊರಿನ ಅರ್ಧ ಜನರ ಕೈಯಲ್ಲಿ ಕುಳಿತು ಫೋಟೋ ತೆಗೆಸಿಕೊಂಡಿತ್ತು. ಹೊಸ ಸಿನಿಮಾ ಬಂದ ವಾರದಲ್ಲಿ ಹುಡುಗಿಯರು ಬಂದು ನಾಯಕಿಯ ಹಾಗೇ ಕಂಬಕ್ಕೆ ಒರಗುತ್ತಿದ್ದರು. ನಮ್ಮಲ್ಲಿ ಕಂಬವಿರಲಿಲ್ಲ, ಮಾಮ ಕೊಡೆ ನೇತುಹಾಕುತ್ತಿದ್ದ ಆಳೆತ್ತರದ ಮರದ ಸ್ಟ್ಯಾಂಡಿಗೆ ಬಿಳಿ ಬಟ್ಟೆ ಸುತ್ತಿ ಕಂಬ ಮಾಡಿದೆವು. ನೆರಿಗೆ ಬೆನ್ನ ಹಿಂದೆ ಬರುವಂತೆ ಸೀರೆ ಉಡುವ ಕೊಡವರ ಹುಡುಗಿಯೊಬ್ಬಳು, ಸಿನಿಮಾದವಳ ಹಾಗೆ ನೆರಿಗೆ ಮುಂದಕ್ಕೆ ಬರುವಂತೆ ಉಡಿಸು ಎಂದು ನನ್ನನ್ನು ಪರದೆ ಹಿಂದೆ ಎಳೆದುಕೊಂಡು ಹೋದಳು. ಫೋಟೋ ಮನೆಗೆ ಹೋಯಿತು. ಮರುದಿನ ಅವಳಜ್ಜಿ ಬಂದು, ನೆರಿಗೆ ಹಿಂದಕ್ಕೆ ಮಾಡಿ ಕೊಡಿ ಎಂದು ಮಾಮನ ಪ್ರಾಣ ತಿಂದರು. ಬಣ್ಣ ಹಚ್ಚಬಹುದು, ನೆರಿಗೆ ತಿರುಗಿಸುವುದು ಹೇಗೆ?

ಹೀಗಿರುವಾಗ, ಮೊನ್ನೆ ಮೊಮ್ಮಗಳು ತೋರಿಸಿದ ಆ ಚಿತ್ರ ಬಂತು. ಇಡೀ ಮಡಿಕೇರಿ ಅದರ ಹಾಡು ಗುನುಗಿತು. ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮುಗಿದುಹೋಗಿ, ಕೊಂಡವರಿಂದ ಎರವಲು ಪಡೆದು ಉಳಿದವರು ಬರೆದುಕೊಂಡರು. ಫೋಟೋ ತೆಗೆಸಲು ಬಂದ ಮೊದಲನೆಯ ಹುಡುಗಿಯೇ ಹೇಳಿದಳು: "ನನ್ನ ಸೀರೆಗೆ ಅವಳ ಸೀರೆ ಬಣ್ಣವೇ ಹಾಕಿ."

ಯಾವ ಬಣ್ಣ? ನಾನು ಯೋಚಿಸಿಯೇ ಇರಲಿಲ್ಲ. ಮರುದಿನದಿಂದ ಅದೊಂದು ಹುಚ್ಚೇ ಹಿಡಿಯಿತು. ಟಾಕೀಸಿನ ಹೊರಗಿನ ಎರಡು ಬೋರ್ಡುಗಳಲ್ಲಿ ಒಂದು ಕೆಂಪು ಎಂದರೆ ಇನ್ನೊಂದು ನೇರಳೆ ಎನ್ನುತ್ತಿತ್ತು. ಅಮ್ಮನನ್ನು ಕೇಳಿದೆ. "ಅರಿಶಿನ ಬಣ್ಣ, ನೋಡಿದರೆ ಗೊತ್ತಾಗಲ್ವಾ?" ಎಂದಳು. ಹಿಂದಿ ಕಲಿಸುವ ಟೀಚರು ಗುಲಾಬಿ ಎಂದರು. ಯಾರಿಗೂ ಅನುಮಾನವಿಲ್ಲ, ಎಲ್ಲರೂ ಕಣ್ಣಾರೆ ಕಂಡವರ ಹಾಗೇ ಹೇಳಿದರು. ಅಪ್ಪನನ್ನು ಕೇಳಿದರೆ, "ಅವಳು ಸೀರೆ ಉಟ್ಟಿದ್ದಳಾ?" ಎಂದರು.

ಮಾಮನನ್ನು ಕಾಡಿ ಇನ್ನಷ್ಟು ಪಾಸು ಪಡೆದು ಮೂರು ಸಲ ಹೋಗಿ ನೋಡಿದೆ. ಹೆಂಗಸರ ಬೆಂಚಿನ ಮೊದಲ ಸಾಲಿನಲ್ಲಿ ಕಣ್ಣು ಕಿರಿದು ಮಾಡಿ ಕೂತೆ. ಬೂದು. ಬೂದು ಬಿಟ್ಟರೆ ಇನ್ನೇನೂ ಇಲ್ಲ. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಜಡೆ ಟೇಪಿನ ತುಂಡುಗಳನ್ನು ರಟ್ಟಿನ ಮೇಲೆ ಸಾಲಾಗಿ ಅಂಟಿಸಿ, ಪ್ರತಿಯೊಂದರ ಕೆಳಗೂ ಬಣ್ಣದ ಹೆಸರು ಬರೆದು, ಫೋಟೋ ತೆಗೆಯಿರಿ ಎಂದು ಮಾಮನ ಬೆನ್ನು ಬಿದ್ದೆ. ಯಾವ ಬಣ್ಣ ಎಷ್ಟು ಬೂದು ಆಗುತ್ತದೆ ಎಂದು ಗೊತ್ತಾದರೆ ನಾಯಕಿಯ ಬೂದಿನ ಜೊತೆ ಹೊಂದಿಸಿ ನೋಡಬಹುದಲ್ಲ? "ಫಿಲ್ಮ್ ದಂಡ ಮಾಡ್ತೀಯಲ್ಲಾ ಮಾರಾಯ್ತಿ" ಎಂದು ಗೊಣಗಿದರೂ ಅವರಿಗೂ ಒಳಗೊಳಗೇ ಕುತೂಹಲ. ತೆಗೆದರು.

ಫೋಟೋ ಬಂದಾಗ ಇಬ್ಬರೂ ಕಿಟಕಿಗೆ ಹಿಡಿದು ನೋಡಿದೆವು. ಹಳದಿ ಬೆಳ್ಳಗೆ, ನೇರಳೆ ಕಪ್ಪಗೆ. ಆದರೆ ಕೆಂಪು ಟೇಪು, ಹಸಿರು ಟೇಪು ಎರಡೂ ಒಂದೇ ಬೂದು! ಹೆಸರು ಮುಚ್ಚಿ ಹಿಡಿದರೆ ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ, ಮಾಮನಿಗೂ ತಿಳಿಯಲಿಲ್ಲ. ಹಾಡಿನ ಪುಸ್ತಕದ ರಕ್ಷಾಪುಟದಲ್ಲಿದ್ದ ನಾಯಕಿಯ ಸೀರೆಯೂ ಸರಿಯಾಗಿ ಆ ಬೂದೇ. ಅಂದರೆ ಕೆಂಪು, ಇಲ್ಲವೇ ಹಸಿರು. ನಾನು ಹಸಿರು ಎಂದು ತೀರ್ಮಾನಿಸಿದೆ. ಏಕೆ ಎಂದು ಈಗ ಹೇಳಬಹುದು: ಮದುವೆ ಕಾಲ ಮುಗಿದಿತ್ತು, ಮದುಮಗಳ ಸೀರೆಗಳಿಗೇ ಕೆಂಪು ಖರ್ಚಾಗಿ ಅದರ ಕೊಳವೆಯನ್ನು ಹಿಂಡಿದರೂ ಏನೂ ಬರುತ್ತಿರಲಿಲ್ಲ. ಹಸಿರು ತುಂಬಾ ಉಳಿದಿತ್ತು.

ಮಾಮ ಆ ಹುಡುಗಿಯ ಹಸಿರು ಸೀರೆಯ ಫೋಟೋವನ್ನು ಬೀದಿಗೆ ಕಾಣುವ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆಮೇಲಿನದು ನನ್ನ ಕೈ ಮೀರಿತು. ಬಂದವರೆಲ್ಲ ಬೆರಳು ತೋರಿಸಿ "ಆ ಸಿನಿಮಾ ಹಸಿರು" ಎನ್ನತೊಡಗಿದರು. ಕೆಲವು ವಾರಗಳಲ್ಲಿ ಜವಳಿ ಅಂಗಡಿಯವನು ಅದೇ ಹಸಿರಿನ ಸೀರೆ ತರಿಸಿ ಬಾಗಿಲಿಗೆ ತೂಗುಹಾಕಿದ. ಶುಕ್ರವಾರದ ಸಂತೆಯಲ್ಲಿ ನಡೆದರೆ ನನ್ನ ಬಣ್ಣ ಅಲ್ಲಲ್ಲಿ ಓಡಾಡುತ್ತಿತ್ತು. ಅಮ್ಮ ಕೂಡ ಒಂದು ದಿನ, "ನಾನು ಮೊದಲೇ ಹೇಳಿದ್ದೆನಲ್ಲ, ಹಸಿರು ಅಂತ" ಎಂದಳು! ನನಗೆ ಜಂಬ ಬರದೆ ಇದ್ದೀತೇ? ಬಂತು, ಬೇಕಾದಷ್ಟು ಬಂತು. ಹಾಗೇ ಒಂದು ಹೆದರಿಕೆಯೂ ಇತ್ತು. ಎಲ್ಲಾದರೂ ಅದು ಕೆಂಪಾಗಿದ್ದರೆ?

ಒಂದೂವರೆ ವರ್ಷ ಕಳೆಯಿತು. ಮಾಮನ ಹೆಂಡತಿ ಮಗುವಿನೊಂದಿಗೆ ಬಂದರೂ ಬಣ್ಣದ ಮೇಜು ನನ್ನದೇ ಆಗಿ ಉಳಿಯಿತು. ಒಂದು ಶುಕ್ರವಾರ ಭಾಗಮಂಡಲದ ಕಡೆಯ ಒಬ್ಬ ಗೌಡರು ಬಂದರು. ಮೂವತ್ತರ ಆಸುಪಾಸಿನ ವಯಸ್ಸು. ಸಣ್ಣ ಕಾಫಿ ತೋಟ, ಮನೆಮಾತು ಅರೆಭಾಷೆ, 'ಇದೆ' ಎನ್ನಲು 'ಉಟ್ಟು', 'ಅಂತ' ಎನ್ನಲು 'ತೇಳಿ', ಹುಡುಗಿಗೆ 'ಗೂಡೆ' ಎನ್ನುವ ಮಾತು. ಅಂಗಿಯ ಜೇಬಿನಿಂದ ಅಂಗೈಯಷ್ಟು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಅವರ ಹೆಂಡತಿಯದು. ನಮ್ಮಲ್ಲೇ ತೆಗೆಸಿದ್ದು, ಅರಮನೆ ಮೆಟ್ಟಿಲ ಮುಂದೆ. ಆಕೆ ಜ್ವರ ಬಂದು ತೀರಿಕೊಂಡು ವರ್ಷವಾಗಿತ್ತಂತೆ. ದೊಡ್ಡದು ಮಾಡಿ ಬಣ್ಣ ಹಾಕಿ ಕೊಡಬೇಕು ಎಂದರು. ಹಿಂಬದಿ ನೋಡಿದೆ. ಬಣ್ಣ ಬೇಡ ಎಂದಿದ್ದರೋ ಏನೋ, ಪೆನ್ಸಿಲಿನಲ್ಲಿ ಏನೂ ಬರೆದಿರಲಿಲ್ಲ.

"ಸೀರೆ ಯಾವ ಬಣ್ಣ ಅಣ್ಣ?"

"ಹಣ್ಣಾದ ಕಾಫಿ ಉಟ್ಟಲ್ಲ ತಂಗಿ, ಅದೇ ಬಣ್ಣ" ಎಂದರು ಒಂದು ಕ್ಷಣವೂ ತಡವರಿಸದೆ. ಆಮೇಲೆ ನನ್ನ ಪೆನ್ಸಿಲನ್ನೇ ನೋಡುತ್ತ, "ಸರಿಯಾಗಿ ಬರೊಕು. ಮಗಳಿಗೆ ಅವ್ವನ ಮೊಖ ನೆನಪಿಲ್ಲೆ. ಸೀರೆ ಮಾತ್ರ ನೆನಪುಟ್ಟು. ಸೀರೆ ತಪ್ಪಿರೆ ಅವಳಿಗೆ ಅದ್ ಬೇರೆ ಯಾರೋ ಆದೆ" ಎಂದರು.

ನಾನು ಅಷ್ಟು ಶ್ರದ್ಧೆಯಿಂದ ಇನ್ನೊಂದು ಫೋಟೋ ಮಾಡಿಲ್ಲ. ತೋಟದಲ್ಲಿ ಬೆಳೆದ ಗೆಳತಿಯೊಬ್ಬಳಿಂದ ಹಣ್ಣಾದ ಕಾಫಿಯ ಒಂದು ಗೊಂಚಲು ತರಿಸಿ ಮೇಜಿನ ಮೇಲಿಟ್ಟುಕೊಂಡು, ಅದರ ಕೆಂಪಿಗೆ ಕೆಂಪು ಹೊಂದಿಸಿದೆ. ನಾಲ್ಕು ಸಂಜೆ ಹಿಡಿಯಿತು. ಮುಗಿದಾಗ ಮಾಮ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಕೆಲಸಕ್ಕೆ ಸೇರಿದ ಮೇಲೆ ಅವರಿಂದ ಸಿಗುತ್ತಿದ್ದ ಹೊಗಳಿಕೆಯೇ ಅಷ್ಟು.

ಮುಂದಿನ ಶುಕ್ರವಾರ ಗೌಡರು ಮಗಳನ್ನು ಕರೆದುಕೊಂಡು ಬಂದರು. ಐದು ವರ್ಷದ ಕೂಸು. ಅಜ್ಜಿ ಹೊಲಿದುಕೊಟ್ಟ ಉದ್ದ ಲಂಗ, ಇನ್ನೂ ಎರಡು ವರ್ಷ ಬರಲಿ ಎಂದು ಅಂಚು ಮಡಚಿ ಹೊಲಿದದ್ದು. ನಾನು ಫೋಟೋದ ಮೇಲಿನ ಕಾಗದ ತೆಗೆದೆ. ಗೌಡರು ಬಹಳ ಹೊತ್ತು ನೋಡಿದರು, ಕಣ್ಣು ತುಂಬಿತು.

"ಲಾಯ್ಕ ಆವುಟು ತಂಗಿ. ಅದೇ ಬಣ್ಣ" ಎಂದರು. ಮಗಳ ಲಂಗದ ಚುಂಗು ಹಿಡಿದು ಫೋಟೋದ ಪಕ್ಕಕ್ಕೆ ತಂದರು. "ನೋಡ್, ಅವಳ ಸೀರೆಲೇ ಹೊಲಿದದ್. ಒಂಚೂರೂ ವ್ಯತ್ಯಾಸ ಇಲ್ಲೆ."

ಲಂಗ ಹಸಿರಾಗಿತ್ತು. ಸಾಮಾನ್ಯ ಹಸಿರಲ್ಲ, ನನ್ನ ಹಸಿರು, ಸಿನಿಮಾ ಹಸಿರು. ಕೆಂಪು ಸೀರೆಯ ಪಕ್ಕ ಅದನ್ನು ಹಿಡಿದುಕೊಂಡು ಅವರು ನಗುತ್ತಿದ್ದರು. ನಾನು ಮಾಮನ ಮುಖ ನೋಡಿದೆ, ಮಾಮ ನನ್ನ ಮುಖ ನೋಡಿದರು.

ಕೂಸು ಫೋಟೋವನ್ನು ಒಮ್ಮೆ ನೋಡಿ, ಅಪ್ಪನ ಕೈಯಿಂದ ಲಂಗ ಬಿಡಿಸಿಕೊಂಡು ಹಿಂದಕ್ಕೆ ಸರಿಯಿತು. "ಇದ್ ನನ್ನ ಅವ್ವ ಅಲ್ಲ" ಎಂದಿತು.

"ಅವ್ವನೇ ಗೂಡೆ. ಸೀರೆ ನೋಡ್, ಅದೇ ಅಲ್ವಾ?"

"ಅದ್ ಕೆಂಪು. ಅವ್ವಂದ್ ಹಸಿರ್."

ಗೌಡರ ನಗು ಹಾಗೇ ನಿಂತುಹೋಯಿತು. ಫೋಟೋ ನೋಡಿದರು, ಲಂಗ ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತರು. ಮಾಮ ಒಳಗಿಂದ ಚಹಾ ತರಿಸಿದರು. ಲೋಟ ಕೈಯಲ್ಲಿ ಹಿಡಿದು, ಯಾರ ಮುಖವನ್ನೂ ನೋಡದೆ, ಅವರು ಹೇಳಿದ್ದು ಇಷ್ಟು. ಚಿಕ್ಕಂದಿನಿಂದಲೂ ಅವರಿಗೆ ಕೆಂಪೂ ಹಸಿರೂ ಒಂದೇ. ಹೆಂಡತಿಗೊಬ್ಬಳಿಗೇ ಅದು ಗೊತ್ತಿದ್ದದ್ದು. ಕಾಫಿ ಕೊಯ್ಯುವಾಗ ಅವಳು ಮುಂದೆ ಹೋಗಿ ಹಣ್ಣಾದ ಗಿಡದ ಕೊಂಬೆಯನ್ನು ಬಗ್ಗಿಸಿ ಇವರ ಕೈಗೆ ಕೊಡುತ್ತಿದ್ದಳು; ಅಲ್ಲಿ ಮಾತ್ರ ಇವರು ಕೊಯ್ಯುತ್ತಿದ್ದರು. ಆಳುಗಳಿಗೂ ಅನುಮಾನ ಬಂದಿರಲಿಲ್ಲ. ಅವಳು ಸತ್ತ ವರ್ಷ ಇವರ ಬುಟ್ಟಿಯಲ್ಲಿ ಅರ್ಧಕ್ಕರ್ಧ ಕಾಯಿ.

"ಹೆಂಡ್ತಿ ಹೋದ ದುಃಖಲಿ ಕಣ್ಣ್ ಮಂಜಾವುಟು ತೇಳಿ ಎಲ್ಲರೂ ಹೇಳ್ದೊ. ನಾನೂ ಹೌದು ಹೇಳ್ದೆ" ಎಂದರು. "ಸೀರೆ ತಕ್ಕೊಂಬಗ ಕೇಳ್ದೆ, ಹೆಂಗೆ ಉಟ್ಟು ಬಣ್ಣ ತೇಳಿ. ಅವಳ್ ನೆಗಾಡಿ ಹೇಳ್ದ್, ನಿಂಗಳಿಗೆ ಹಣ್ಣ್ ಕಾಫಿ ತೇಳಿ. ನಾನ್ ಅದನ್ನೇ ನಂಬಿದೆ."

ನಿಮಗೆ ಹಣ್ಣು ಕಾಫಿ ಎಂದು ಆಕೆ ತಮಾಷೆ ಮಾಡಿದ್ದಳು. ಸೀರೆ ಇದ್ದದ್ದು ಕಾಯಿಯ ಹಾಗೆ ಹಸಿರು. ಇವರ ಪಾಲಿಗೆ ಕಾಯಿಯೂ ಒಂದೇ, ಹಣ್ಣೂ ಒಂದೇ. ಗಂಡ ಹೆಂಡಿರ ನಡುವಿನ ಆ ತಮಾಷೆಯನ್ನು ನಾನು ಪೆನ್ಸಿಲಿನಲ್ಲಿ ಬರೆದುಕೊಂಡು, ನಾಲ್ಕು ಸಂಜೆ ಕೂತು ಬಣ್ಣ ಹಚ್ಚಿದ್ದೆ.

ನನಗೆ ಟೇಪಿನ ರಟ್ಟು ನೆನಪಾಯಿತು. ಕೆಂಪೂ ಹಸಿರೂ ಒಂದೇ ಆಗಿ ಕಂಡದ್ದು. ಮರುಕ ಹುಟ್ಟಬೇಕಾದ ಜಾಗದಲ್ಲಿ ಕುತೂಹಲ ಹುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. "ನಿಮಗೆ ಅದು ಹೇಗೆ ಕಾಣುತ್ತೆ ಅಣ್ಣ? ಬೂದಾ?" ಎಂದು ಕೇಳಿಯೇಬಿಟ್ಟೆ.

"ಎಂಥ ಕೇಳುದು ನೀನು!" ಎಂದು ಮಾಮ ಗದರಿದರು.

ಗೌಡರಿಗೆ ಬೇಸರವಾದಂತೆ ಕಾಣಲಿಲ್ಲ. "ನಿಂಗೆ ಹೆಂಗೆ ಕಂಡದೆ ತೇಳಿ ನಂಗೆ ಗೊತ್ತುಟ್ಟಾ ತಂಗಿ? ಹಂಗೇ ಇದೂ" ಎಂದರು.

ನೆಗೆಟಿವ್ ನಮ್ಮಲ್ಲೇ ಇತ್ತು. ಮಾಮ ಅಂದೇ ಇನ್ನೊಂದು ಪ್ರತಿ ದೊಡ್ಡದು ಮಾಡಿದರು. ಕೂಸಿನ ಲಂಗದ ಮಡಚಿದ ಅಂಚಿನಿಂದ ಒಂದು ಬೆರಳಗಲ ಬಟ್ಟೆ ಕತ್ತರಿಸಿಕೊಡಲು ಕೇಳಿದೆ, ಕೂಸು ತುಂಬಾ ಯೋಚಿಸಿ ಒಪ್ಪಿತು. ಆ ಚೂರನ್ನು ಕಿಟಕಿಗೆ ಅಂಟಿಸಿಕೊಂಡು ಹಸಿರು ಹಚ್ಚಿದೆ. ನಾನೇ ಹುಟ್ಟಿಸಿದ ಬಣ್ಣವನ್ನು ಈಗ ಬಟ್ಟೆ ನೋಡಿ ಕಲಿಯಬೇಕಾಗಿ ಬಂದಿತ್ತು. ಬಟ್ಟೆಯ ಹಸಿರು ನನ್ನದಕ್ಕಿಂತ ಒಂಚೂರು ಮಾಗಿದ್ದು, ಒಗೆದು ಒಗೆದು ಆದದ್ದೋ ಏನೋ.

ಮತ್ತೊಂದು ಶುಕ್ರವಾರ. ಎರಡೂ ಫೋಟೋಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಗೌಡರು ಮಗಳನ್ನು ಎತ್ತಿ ತೋರಿಸಿ, "ಯಾವುದ್ ಗೂಡೆ?" ಎಂದರು. ಕೂಸು ಹಸಿರು ಸೀರೆಯ ಮೇಲೆ ಅಂಗೈ ಇಟ್ಟಿತು. ಕೈ ತೆಗೆಯಲೇ ಇಲ್ಲ. ಆಮೇಲೆ ಮುಖ ಹತ್ತಿರ ತಂದು ತಾಯಿಯ ಮುಖವನ್ನು ನೋಡಿತು, ಹೊಸಬರನ್ನು ನೋಡುವ ಹಾಗೆ, ಹಣೆಯಿಂದ ಗಲ್ಲದವರೆಗೆ. "ಅವ್ವ" ಎಂದಿತು.

ಮಾಮ ಅದನ್ನು ಕಾಗದದಲ್ಲಿ ಸುತ್ತಿದರು. "ಇದ್ ಅವಳಿಗೆ" ಎಂದರು ಗೌಡರು. 'ನಿಮಗೆ?' ಎಂದು ನಾನು ಕೇಳುವ ಮೊದಲೇ ಜೇಬಿನಿಂದ ಆ ಅಂಗೈಯಗಲದ ಕಪ್ಪು ಬಿಳುಪು ಫೋಟೋ ತೆಗೆದರು.

"ನಂಗೆ ಇದ್ ಸಾಕ್. ಇದ್ ತೆಗೆಸಿದ ದಿನ ಇಬ್ಬರೂ ಸಿನಿಮಾಕ್ಕೆ ಹೋಗಿದ್ದೊ. ಆ ಮೂರು ಗಂಟೆ ಅವಳ್ ನಂಗೆ ಯಾವ ಬಣ್ಣನೂ ಹೇಳೊಕು ತೇಳಿ ಇರ್ಲೆ. ಅಲ್ಲಿ ಮಾತ್ರ ಇಬ್ಬರಿಗೂ ಒಂದೇ ಥರ ಕಂಡತ್."

ಅವರು ಫೋಟೋ ಜೇಬಿಗಿಟ್ಟು ಗುಂಡಿ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ. ಬಣ್ಣ ಒರೆಸುವ ಟರ್ಪೆಂಟೈನ್ ಕಣ್ಣಿಗೆ ಬಿತ್ತು ಎಂದು ಮಾಮನಿಗೆ ಸುಳ್ಳು ಹೇಳಿದೆ. ಅವರು ನಂಬಿದವರ ಹಾಗೆ ಒಳಗೆ ಹೋದರು.

ಯಾರೂ ಒಯ್ಯದ ಆ ಕೆಂಪು ಸೀರೆಯ ಫೋಟೋ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ನಾಯಕಿ ನಿಜವಾಗಿ ಉಟ್ಟದ್ದು ಯಾವ ಬಣ್ಣವೋ, ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲ. ಮೊಮ್ಮಗಳ ಮುಂದೆ ಮಾತ್ರ ಹಸಿರು ಎಂದೇ ಜಗಳವಾಡುತ್ತೇನೆ.

ಅವತ್ತು ಕಿಟಕಿಯಿಂದ ಅವರಿಬ್ಬರು ಹೋಗುವುದನ್ನೇ ನೋಡುತ್ತಿದ್ದೆ. ಎದುರಿಗೇ ಮೆಣಸಿನಕಾಯಿ ಮಾರುವವಳು ಗೋಣಿಯ ಮೇಲೆ ಎರಡು ರಾಶಿ ಹಾಕಿಕೊಂಡು ಕೂತಿದ್ದಳು. ಗೌಡರು ಬಗ್ಗಿ ಕೈ ಚಾಚಿದರು, ತಡೆದರು. ಕೂಸು ಅಪ್ಪನ ಬೆರಳು ಹಿಡಿದು ಒಂದು ರಾಶಿಯ ಮೇಲಿಟ್ಟಿತು.

"ಇದ್ ಹಸಿರ್ ಅಪ್ಪ" ಎಂದದ್ದು ನನಗೂ ಕೇಳಿಸಿತು. ಆಮೇಲೆ ಅದೇ ಬೆರಳನ್ನು ಪಕ್ಕದ ರಾಶಿಗೆ ಒಯ್ದು, "ಇದ್ ಕೆಂಪು" ಎಂದಿತು.